ಕಾಟನ್ ಹೆಸರಿನ ಬ್ಯಾರೇಜು ಮತ್ತು ನಮ್ಮ ತುಂಗಭದ್ರಾ ಕಾಲುವೆ

ಸ್ವಾತಂತ್ರ್ಯ ಬಂದ ಮೇಲೆ ನಮ್ಮ ದೇಶದಲ್ಲಿ ಎಷ್ಟೋ ರಸ್ತೆ, ಉದ್ಯಾನ, ಆಸ್ಪತ್ರೆಗಳಿಂದ ಬ್ರಿಟಿಷ್ ಅಧಿಕಾರಿಗಳ ಹೆಸರು ತೆಗೆದುಹಾಕಿದರು. ಅದು ಸಹಜವೇ. ಆದರೆ ಆಂಧ್ರಪ್ರದೇಶ ಸರ್ಕಾರ ಗೋದಾವರಿಗೆ ಅಡ್ಡಲಾಗಿ 1982ರಲ್ಲಿ ಪೂರ್ತಿಗೊಳಿಸಿದ ಹೊಸ ಬ್ಯಾರೇಜಿಗೆ ಒಬ್ಬ ಬ್ರಿಟಿಷ್ ಸೇನಾ ಇಂಜಿನಿಯರನ ಹೆಸರನ್ನೇ ಇಟ್ಟಿತು. ಅದೇ ಧವಳೇಶ್ವರದ ಸರ್ ಆರ್ಥರ್ ಕಾಟನ್ ಬ್ಯಾರೇಜು. ಆದವಾನಿ, ಆಲೂರು, ರಾಯದುರ್ಗ ಸೀಮೆಯ ಕನ್ನಡಿಗರಾದ ನಮಗೂ ಈ ಹೆಸರಿಗೂ ಒಂದು ನಂಟಿದೆ. ಅದನ್ನು ತಿಳಿಸಲೆಂದೇ ಈ ಬರಹ.

ಆರ್ಥರ್ ಕಾಟನ್ ಹುಟ್ಟಿದ್ದು 1803ರ ಮೇ 15ರಂದು, ಇಂಗ್ಲೆಂಡಿನಲ್ಲಿ. ಹದಿಹರೆಯದಲ್ಲೇ ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಇಂಜಿನಿಯರ್ಸ್ ದಳಕ್ಕೆ ಸೇರಿ 1821ರಲ್ಲಿ ಭಾರತಕ್ಕೆ ಬಂದ. ಕೋಟೆ, ಸೇತುವೆ ಕಟ್ಟಲು ಕಲಿತ ಈ ಸೈನಿಕ ಬಾಳಿನ ಬಹುಭಾಗ ಕಳೆದದ್ದು ನೀರಿನ ಕೆಲಸದಲ್ಲಿ. ಮೊದಲು ತಂಜಾವೂರು ಸೀಮೆಗಾಗಿ ಕಾವೇರಿ, ಕೊಳ್ಳಿಡಂ ನದಿಗಳ ಮೇಲೆ 1836ರ ಸುಮಾರಿಗೆ ಅಣೆಕಟ್ಟುಗಳನ್ನು ಕಟ್ಟಿಸಿದ. ಅಲ್ಲಿ ಚೋಳರ ಕಾಲದ ಕಲ್ಲಣೆ ಅವನಿಗೆ ಪಾಠಶಾಲೆಯಾಯಿತು. ಆಳ ಗೊತ್ತಾಗದ ಮರಳಿನ ಮೇಲೆ ಅಡಿಪಾಯ ನಿಲ್ಲಿಸುವುದನ್ನು ನಮ್ಮ ಹಿರಿಯರಿಂದಲೇ ಕಲಿತೆ ಎಂಬುದನ್ನು ಅವನೇ ಒಪ್ಪಿಕೊಂಡಿದ್ದಾನೆ. ಇಂಗ್ಲಿಷಿನ 'ಆನಿಕಟ್' ಎಂಬ ಪದವೂ ತಮಿಳಿನ ಅಣೈಕಟ್ಟಿನಿಂದ, ಅಂದರೆ ನಮ್ಮ ಅಣೆಕಟ್ಟಿನ ಬಳಗದಿಂದಲೇ ಹೋದದ್ದು.

ಗೋದಾವರಿ ಸೀಮೆ ಆಗ ಈಗಿನಂತೆ ಅನ್ನದ ಕಣಜವಾಗಿರಲಿಲ್ಲ. 1832-33ರಲ್ಲಿ ಭಾರಿ ಕ್ಷಾಮ, 1839ರಲ್ಲಿ ಕೋರಂಗಿಯ ಚಂಡಮಾರುತ. ಪಕ್ಕದಲ್ಲೇ ಮಹಾನದಿ ಹರಿದು ಸಮುದ್ರ ಸೇರುತ್ತಿದ್ದರೂ ಜನ ಹಸಿವಿನಿಂದ ಸಾಯುತ್ತಿದ್ದರು. ಕಾಟನ್ ಯೋಜನೆ ಬರೆದು ಕಂಪನಿಯನ್ನು ಒಪ್ಪಿಸಿದ. 1847ರಲ್ಲಿ ಕೆಲಸ ಶುರುವಾಗಿ 1852ಕ್ಕೆ ಮುಗಿಯಿತು. ನೀರನ್ನು ಕೂಡಿಡುವ ದೊಡ್ಡ ಜಲಾಶಯ ಅದಾಗಿರಲಿಲ್ಲ. ನದಿಯ ನಡುಗಡ್ಡೆಗಳ ನಡುವೆ ನಾಲ್ಕು ತುಂಡಾಗಿ ಹಾಕಿದ ತಗ್ಗು ಗೋಡೆ. ಅದು ನೀರಿನ ಮಟ್ಟವನ್ನು ಸ್ವಲ್ಪ ಎತ್ತುತ್ತದೆ, ನೀರು ಎರಡೂ ದಂಡೆಯ ಕಾಲುವೆಗಳಿಗೆ ತಾನಾಗಿಯೇ ತಿರುಗುತ್ತದೆ. ಇಂದು ಅದೇ ಜಾಗದ ಹೊಸ ಬ್ಯಾರೇಜಿನಿಂದ ಸುಮಾರು 10 ಲಕ್ಷ ಎಕರೆ ನೆನೆಯುತ್ತದೆ.

ಕಂಪನಿ ಇದನ್ನು ಪುಣ್ಯಕ್ಕೆಂದು ಕಟ್ಟಿಸಲಿಲ್ಲ. ಬೆಳೆ ಹೆಚ್ಚಿದರೆ ಕಂದಾಯ ಹೆಚ್ಚುತ್ತದೆ ಎಂಬ ಲೆಕ್ಕ ಅದರದು. ಕಲ್ಲು ಹೊತ್ತವರು, ಸುಣ್ಣ ಅರೆದವರು ನಮ್ಮ ಬಡ ಕೂಲಿಕಾರರು. ಕಾಟನ್‌ನ ಬಲಗೈಯಾಗಿ ದುಡಿದ ವೀಣಂ ವೀರಣ್ಣ ಎಂಬ ತೆಲುಗು ಅಧಿಕಾರಿಯ ಹೆಸರು ಬಹಳ ಜನಕ್ಕೆ ಗೊತ್ತಿಲ್ಲ. ಬ್ಯಾರೇಜಿನ ಹೆಸರು ಹೇಳುವಾಗ ಇವರನ್ನೂ ನೆನೆಯಬೇಕು.

ಹಾಗಿದ್ದೂ ಗೋದಾವರಿಯ ರೈತರು ಕಾಟನ್‌ನನ್ನು ಬಿಟ್ಟುಕೊಟ್ಟಿಲ್ಲ. ಊರೂರಲ್ಲಿ ಅವನ ಪ್ರತಿಮೆಗಳಿವೆ. ಮೇ 15ರಂದು ಹಾರ ಹಾಕುತ್ತಾರೆ. ಧವಳೇಶ್ವರದಲ್ಲಿ ಅವನ ಹೆಸರಿನ ವಸ್ತುಸಂಗ್ರಹಾಲಯವಿದೆ. ತಮಿಳುನಾಡಿನ ತೇಣಿಯಲ್ಲೂ ಹೀಗೆಯೇ. ಮುಲ್ಲಪೆರಿಯಾರ್ ಅಣೆ ಕಟ್ಟಿದ ಕರ್ನಲ್ ಪೆನ್ನಿಕ್ವಿಕ್ ಹೆಸರು ಅಲ್ಲಿಯ ಬಸ್ ನಿಲ್ದಾಣಕ್ಕಿದೆ. ಬೆಂಗಳೂರಿನ ಸ್ಯಾಂಕಿ ಕೆರೆಯೂ 1882ರಲ್ಲಿ ಅದನ್ನು ಕಟ್ಟಿಸಿದ ಮದ್ರಾಸ್ ಇಂಜಿನಿಯರ್ಸ್ ಅಧಿಕಾರಿಯ ಹೆಸರಲ್ಲೇ ಉಳಿದಿದೆ.

ಇನ್ನು ನಮ್ಮ ಸೀಮೆಯ ಮಾತು. ತುಂಗಭದ್ರೆಗೆ ಅಣೆ ಕಟ್ಟಿ ಬಳ್ಳಾರಿ ಸೀಮೆಯ ಒಣ ನೆಲಕ್ಕೆ ನೀರು ಕೊಡಬಹುದೆಂಬ ಯೋಚನೆಯನ್ನು 1860ರಲ್ಲೇ ಮುಂದಿಟ್ಟವನು ಇದೇ ಕಾಟನ್. ಅವನ ಎಣಿಕೆಗಳೆಲ್ಲ ಫಲಿಸಿದವು ಎನ್ನಲಾಗದು. ಅವನ ವಿಚಾರದಿಂದ ಹುಟ್ಟಿದ ಖಾಸಗಿ ಕಂಪನಿ ತೋಡಿದ ಕರ್ನೂಲು-ಕಡಪ ಕಾಲುವೆ ನಷ್ಟಕ್ಕೆ ಬಿದ್ದು, 1882ರಲ್ಲಿ ಸರ್ಕಾರವೇ ಅದನ್ನು ಕೊಳ್ಳಬೇಕಾಯಿತು. ತುಂಗಭದ್ರೆಯ ದೊಡ್ಡ ಯೋಜನೆಯಂತೂ ಕಾಗದದಲ್ಲೇ ಉಳಿಯಿತು. ಅಷ್ಟರಲ್ಲಿ 1876-78ರ ಧಾತು-ಈಶ್ವರ ಬರ ಬಂತು. ಬಳ್ಳಾರಿ, ಕರ್ನೂಲು ಜಿಲ್ಲೆಗಳು ಅದರ ಬಾಯಿಗೇ ಸಿಕ್ಕವು. ರೈಲಿಗೆ ಸುರಿದ ಹಣವನ್ನು ನೀರಿಗೆ ಹಾಕಬೇಕಿತ್ತು ಎಂದು ಮುದುಕನಾಗಿದ್ದ ಕಾಟನ್ ಇಂಗ್ಲೆಂಡಿನಲ್ಲಿ ವಾದಿಸಿದ. ಸತ್ತವರು ಸತ್ತಿದ್ದರು.

ಕೊನೆಗೆ ಹೊಸಪೇಟೆಯ ಹತ್ತಿರ 1945ರಲ್ಲಿ ಅಡಿಗಲ್ಲು ಬಿದ್ದು, 1953ರ ಜುಲೈನಲ್ಲಿ ಕಾಲುವೆಗೆ ನೀರು ಬಿಟ್ಟರು. ಯೋಚನೆಗೂ ನೀರಿಗೂ ನಡುವೆ 93 ವರ್ಷ! ಅದೇ 1953ರ ಅಕ್ಟೋಬರ್ 1ರಂದು ನಮ್ಮ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದವು. ನೀರು ಬಂದ ವರ್ಷವೇ ಗಡಿಯೂ ಬಂತು. ಗಡಿ ನಮ್ಮನ್ನು ಎರಡು ಮಾಡಿದರೂ ಕಾಲುವೆ ಮಾತ್ರ ಎರಡೂ ಕಡೆಯ ಕನ್ನಡಿಗರ ಹೊಲಗಳನ್ನು ದಾಟಿ ಹರಿಯುತ್ತದೆ.

ನಮ್ಮ ಕಾಲುವೆಗಳಿಗೆ ಯಾರ ಹೆಸರೂ ಇಲ್ಲ. ಜನರ ಬಾಯಲ್ಲಿ ಅವು ಬರೀ ಎಚ್ಚೆಲ್ಸಿ, ಎಲ್ಲೆಲ್ಸಿ. ಕಾಟನ್ ಹೆಸರಿಡಿ ಎಂದು ನಾವು ಕೇಳುತ್ತಿಲ್ಲ. ಗೋದಾವರಿಯಲ್ಲಿ ಆ ಹೆಸರು ಉಳಿದದ್ದು ಫಲಕದಿಂದಲ್ಲ, ವರ್ಷ ವರ್ಷವೂ ಗದ್ದೆಗೆ ಬಂದ ನೀರಿನಿಂದ. ನಮ್ಮಲ್ಲಿ ಕಾಲುವೆಯ ಕೊನೆಯ ಹೊಲದವನು ಇನ್ನೂ ಮುಗಿಲು ನೋಡಿಯೇ ಬಿತ್ತುತ್ತಾನೆ. ಅವನ ಹೊಲಕ್ಕೆ ನೀರು ಮುಟ್ಟಿಸಿದವರ ಹೆಸರನ್ನು ಸರ್ಕಾರ ಮರೆತರೂ ಊರು ಮರೆಯುವುದಿಲ್ಲ. ನಮ್ಮ ಶಾಲೆಗಳ ಮಕ್ಕಳಿಗೆ ಅಕ್ಬರ್, ಅಶೋಕರ ಜೊತೆಗೆ ಈ 93 ವರ್ಷಗಳ ಕಥೆಯನ್ನೂ ಹೇಳೋಣ.