ಚಿನ್ನದ ನಾಡಿನ ಸವಳು ನೆಲ

1915ರಲ್ಲಿ ಬೀಡನ್ ಎಂಬ ಬ್ರಿಟಿಷ್ ಗಣಿ ಎಂಜಿನಿಯರ್ ಚಿನ್ನ ಹುಡುಕುತ್ತ ಮಸ್ಕಿಯ ಗುಡ್ಡ ಹತ್ತಿದ. ಅಲ್ಲಿ ಅವನ ಕಣ್ಣಿಗೆ ಬಿದ್ದದ್ದು ಬಂಡೆಯ ಮೇಲೆ ಕೊರೆದ ಅಕ್ಷರಗಳು. ಅಶೋಕನ ಹೆಸರನ್ನೇ ಹೇಳುವ ಆ ಶಾಸನದಿಂದ ‘ದೇವಾನಾಂಪ್ರಿಯ’ನೆಂದರೆ ಯಾರು ಎಂಬ ಪ್ರಶ್ನೆ ಬಗೆಹರಿದದ್ದು ಎಲ್ಲರಿಗೂ ಗೊತ್ತಿರುವ ಕಥೆ. ಆದರೆ ಆ ಎಂಜಿನಿಯರ್ ಇಲ್ಲಿಗೇ ಏಕೆ ಬಂದ ಎಂಬುದನ್ನು ಯಾರೂ ಹೆಚ್ಚಾಗಿ ಕೇಳುವುದಿಲ್ಲ. ಮೌರ್ಯರು ದಕ್ಷಿಣದ ಈ ಮೂಲೆಯಲ್ಲಿ ಶಾಸನ ಬರೆಸಲು ಇದ್ದ ಕಾರಣಗಳಲ್ಲಿ ಈ ನೆಲದ ಚಿನ್ನವೂ ಒಂದು ಎಂದು ಹಲವು ಇತಿಹಾಸಕಾರರು ಭಾವಿಸುತ್ತಾರೆ.

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಪ್ರಾಚೀನ ಗಣಿಗುಳಿಗಳಲ್ಲಿ ಸಿಕ್ಕ ಮರದ ತುಂಡುಗಳ ಕಾಲ ಸುಮಾರು 2 ಸಾವಿರ ವರ್ಷಗಳಷ್ಟು ಹಿಂದಕ್ಕೆ ಹೋಗುತ್ತದೆ. ಆ ಕಾಲದ ಗಣಿಗಾರರ ಬಳಿ ಸಿಡಿಮದ್ದು ಇರಲಿಲ್ಲ. ಬಂಡೆಯ ಮಗ್ಗುಲಲ್ಲಿ ಬೆಂಕಿ ಹಾಕಿ ಕಾಯಿಸಿ, ಮೇಲೆ ತಣ್ಣೀರು ಸುರಿದು ಬಿರುಕು ಬಿಡಿಸುತ್ತಿದ್ದರು. ಇಲ್ಲಿನ ಅದಿರಿನಲ್ಲಿ ಆರ್ಸೆನಿಕ್ ಬೆರೆತ ಖನಿಜವೂ ಉಂಟು. ಅದನ್ನು ಕಾಯಿಸಿದರೆ ಏಳುವುದು ವಿಷದ ಹೊಗೆ. ಮಾಲಿನ್ಯ ಆಧುನಿಕ ಯುಗದ ಕೂಸು ಎಂಬ ಮಾತನ್ನು ಹಾಗಾಗಿ ನಾನು ಪೂರ್ತಿ ಒಪ್ಪಲಾರೆ. ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸ ಪ್ರಮಾಣದ್ದು.

ಆ ಪ್ರಮಾಣವನ್ನು ಹಿಗ್ಗಿಸಿದ್ದು 1887ರಲ್ಲಿ ಸ್ಕಾಟ್ಲೆಂಡಿನಲ್ಲಿ ಪೇಟೆಂಟ್ ಪಡೆದ ಸಯನೈಡ್ ವಿಧಾನ. ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣವನ್ನೂ ಸಯನೈಡ್ ದ್ರಾವಣ ಕರಗಿಸಿ ತೆಗೆಯುತ್ತದೆ. ಒಂದು ಟನ್ ಅದಿರಿಗೆ ದಕ್ಕುವ ಚಿನ್ನ ಕೆಲವೇ ಗ್ರಾಂ. ಉಳಿದದ್ದೆಲ್ಲ ಹಿಟ್ಟಿನಂಥ ಬೂದುಮಣ್ಣು. ಹಟ್ಟಿಯಲ್ಲಿ ಆ ಮಣ್ಣು ಗುಡ್ಡವಾಗಿ ನಿಂತಿದೆ. ಬಿಸಿಲು, ಗಾಳಿ, ನೀರು ತಾಗಿದರೆ ಸಯನೈಡ್ ಕಾಲಕ್ರಮೇಣ ಒಡೆದುಹೋಗುತ್ತದೆ. ಆರ್ಸೆನಿಕ್ ಹಾಗಲ್ಲ. ಅದು ಮೂಲಧಾತು, ಒಡೆಯುವ ಮಾತೇ ಇಲ್ಲ. ಮಳೆನೀರಿನೊಡನೆ ಇಳಿದು ಅಂತರ್ಜಲ ಸೇರಬಲ್ಲದು.

ಇದು ಬರೀ ಪುಸ್ತಕದ ಭಯವಲ್ಲ. ಕೃಷ್ಣೆಯ ಆಚೆ, ಇಂದಿನ ಯಾದಗಿರಿ ಜಿಲ್ಲೆಯ ಮಂಗಳೂರು ಚಿನ್ನದ ಗಣಿ 1994ರಲ್ಲಿ ಮುಚ್ಚಿತು. ಅದರ ಸಮೀಪದ ಕಿರದಳ್ಳಿ ತಾಂಡಾದ ಕೊಳವೆಬಾವಿ ನೀರಿನಲ್ಲಿ ವಿಪರೀತ ಆರ್ಸೆನಿಕ್ ಇರುವುದು ಹದಿನೈದು ವರ್ಷಗಳ ಬಳಿಕ ಬೆಳಕಿಗೆ ಬಂತು. ವಿಜ್ಞಾನಿಗಳು ಪರೀಕ್ಷಿಸಿದ ನಿವಾಸಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಚರ್ಮದ ಮೇಲೆ ವಿಷದ ಗುರುತುಗಳಿದ್ದವು. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಆರ್ಸೆನಿಕ್‌ಗೆ ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲ. ಕೊಡದಲ್ಲಿ ತಿಳಿಯಾಗಿ ಹೊಳೆಯುವ ನೀರನ್ನು ಯಾರು ಅನುಮಾನಿಸುತ್ತಾರೆ?

ಇನ್ನು ಸಿಂಧನೂರಿಗೆ ಬರೋಣ. ಇಲ್ಲಿನ ಮಾಲಿನ್ಯಕ್ಕೆ ಚಿಮಣಿಯಿಲ್ಲ, ಹೊಗೆಯಿಲ್ಲ, ನೋಡಿದಷ್ಟೂ ಹಸಿರು. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆಯಾಗುವ, ಜೋಳ, ಸಜ್ಜೆ, ಹತ್ತಿ ಬೆಳೆಯುತ್ತಿದ್ದ ಈ ಸೀಮೆಗೆ 1953ರಲ್ಲಿ ತುಂಗಭದ್ರೆಯ ನೀರು ಹರಿಯಲಾರಂಭಿಸಿತು. 227 ಕಿ.ಮೀ. ಉದ್ದದ ಎಡದಂಡೆ ಕಾಲುವೆಯನ್ನು ಯೋಜಿಸಿದವರ ಲೆಕ್ಕದಲ್ಲಿ ಇದು ಮುಖ್ಯವಾಗಿ ಮಿತನೀರಾವರಿಯ ಭೂಮಿ. ಭತ್ತಕ್ಕೆ ಮೀಸಲಾದದ್ದು ಸಣ್ಣ ಪಾಲು ಮಾತ್ರ. ಎರೆಮಣ್ಣಿಗೆ ನೀರು ಹೆಚ್ಚಾದರೆ ಏನಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಮಹಾರಾಷ್ಟ್ರದ ನೀರಾ ಕಾಲುವೆಯ ಕೆಳಗೆ ಕಬ್ಬಿನ ಹೊಲಗಳು ಉಪ್ಪಾದುದನ್ನು ಬ್ರಿಟಿಷ್ ಎಂಜಿನಿಯರುಗಳು 1920ರ ದಶಕದಲ್ಲೇ ಅಧ್ಯಯನ ಮಾಡಿದ್ದರು. ಅದಕ್ಕೂ ನಾಲ್ಕು ಸಾವಿರ ವರ್ಷ ಮುಂಚೆ ಮೆಸೊಪೊಟೇಮಿಯದ ರೈತರು ಗೋಧಿ ಬಿಟ್ಟು, ಉಪ್ಪನ್ನು ಹೆಚ್ಚು ತಾಳುವ ಬಾರ್ಲಿಯತ್ತ ವಾಲಿದ್ದಕ್ಕೆ ಇದೇ ಕಾರಣ ಎನ್ನುವ ವಿದ್ವಾಂಸರಿದ್ದಾರೆ.

ಲೆಕ್ಕ ಕಾಗದದಲ್ಲೇ ಉಳಿಯಿತು. ಕರಾವಳಿ ಆಂಧ್ರದಿಂದ ಬಂದು ಅಗ್ಗದ ಎರೆಹೊಲ ಕೊಂಡವರು ‘ಕ್ಯಾಂಪು’ಗಳನ್ನು ಕಟ್ಟಿ ತಮಗೆ ಗೊತ್ತಿದ್ದ ಭತ್ತ ನಟ್ಟರು. ಅದರ ಲಾಭ ಕಂಡ ಸ್ಥಳೀಯರೂ ನಟ್ಟರು. ಜೋಳಕ್ಕಿಲ್ಲದ ಮಾರುಕಟ್ಟೆ ಸೋನಾ ಮಸೂರಿಗೆ ಇರುವಾಗ ರೈತನನ್ನು ದೂರುವುದು ಸುಲಭ, ನ್ಯಾಯವಲ್ಲ. ಆದರೆ ಮಣ್ಣಿಗೆ ಈ ನ್ಯಾಯ ಗೊತ್ತಿಲ್ಲ. ಜಿಗುಟಾದ ಎರೆಯಲ್ಲಿ ನೀರು ಸುಲಭವಾಗಿ ಬಸಿಯುವುದಿಲ್ಲ. ತಿಂಗಳುಗಟ್ಟಲೆ ನಿಂತರೆ ಅಂತರ್ಜಲ ಮೇಲೇರಿ, ತಳದ ಲವಣಗಳನ್ನು ಹೊತ್ತು ಬೇರಿನ ಮಟ್ಟಕ್ಕೆ ಬರುತ್ತದೆ. ಬಿಸಿಲಿಗೆ ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಜವಳಾದ ನೆಲ ಹೀಗೆ ಸವಳಾಗುತ್ತದೆ; ಬೇಸಿಗೆಯಲ್ಲಿ ಸುಣ್ಣ ಬಳಿದಂತೆ ಬೆಳ್ಳಗೆ ಕಾಣುವ ಹೊಲಗಳು ಇವೇ. ಅಚ್ಚುಕಟ್ಟಿನಲ್ಲಿ ಹತ್ತಾರು ಸಾವಿರ ಹೆಕ್ಟೇರ್ ನೆಲ ಈ ಗತಿಗೆ ಬಂದಿದೆ. ವಿಚಿತ್ರವೆಂದರೆ, ಮೇಲ್ಭಾಗದಲ್ಲಿ ನೀರು ಹೆಚ್ಚಾಗಿ ಹೊಲ ಕೆಡುವ ಇದೇ ಕಾಲುವೆಯ ಕೊನೆಯಲ್ಲಿ, ಮಾನ್ವಿ, ರಾಯಚೂರಿನ ಕಡೆ, ನೀರಿಗಾಗಿ ರೈತರು ರಸ್ತೆಗಿಳಿಯುತ್ತಾರೆ.

ಗೊಬ್ಬರ, ಕೀಟನಾಶಕಗಳ ಕಥೆ ಬೇರೆ. ಗದ್ದೆಗೆ ಹಾಕಿದ ಸಾರಜನಕದಲ್ಲಿ ದೊಡ್ಡ ಪಾಲು ಪೈರಿಗೆ ದಕ್ಕದೆ ನೀರು, ಗಾಳಿಯ ಪಾಲಾಗುತ್ತದೆ.

ದೇಶದಲ್ಲಿ ಜಲಮಾಲಿನ್ಯ ತಡೆ ಕಾಯ್ದೆ ಬಂದದ್ದು 1974ರಲ್ಲಿ. ನಮ್ಮ ರಾಜ್ಯದ ಮಾಲಿನ್ಯ ಮಂಡಳಿ ಹುಟ್ಟಿದ್ದೂ ಅದೇ ವರ್ಷ. 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು. ಕಾರ್ಖಾನೆಯ ಕೊಳವೆಯ ಬಾಯಿಯಲ್ಲಿ ನಿಂತು ಅಳೆಯಲು ಇವು ಒಳ್ಳೆಯ ಸಾಧನ. ಸಾವಿರಾರು ಗದ್ದೆಗಳ ಬದುವಿನಿಂದ ಸೋರುವುದನ್ನು ಅಳೆಯುವವರು ಯಾರು, ದಂಡ ಹಾಕುವುದು ಯಾರಿಗೆ?

ಮದ್ದು ಇಲ್ಲವೆಂದಲ್ಲ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಸವಳು ನೆಲದ ಮೇಲೆ ಬಹುಕಾಲದಿಂದ ಕೆಲಸ ಮಾಡಿದೆ. ನೆಲದೊಳಗೆ ರಂಧ್ರವಿರುವ ಕೊಳವೆಗಳನ್ನು ಹೂತು ಉಪ್ಪುನೀರನ್ನು ಬಸಿಯುವುದು, ಕ್ಷಾರ ಮಣ್ಣಿಗೆ ಜಿಪ್ಸಂ ಬೆರೆಸುವುದು, ಬಸಿಗಾಲುವೆಗಳ ಹೂಳು ತೆಗೆಯುವುದು ಇವೆಲ್ಲ ಫಲ ಕೊಟ್ಟ ಕ್ರಮಗಳೇ. ಒಬ್ಬನೇ ಮಾಡಿದರೆ ಫಲ ಕಡಿಮೆ. ಪಕ್ಕದ ಹೊಲದವನು ನೀರು ನಿಲ್ಲಿಸುತ್ತಲೇ ಇದ್ದರೆ ಅದು ಇತ್ತ ಜಿನುಗುತ್ತದೆ. ಬಸಿದ ಉಪ್ಪುನೀರೂ ಎಲ್ಲಾದರೂ ಹೋಗಲೇಬೇಕಲ್ಲ? ಅದು ಸಿಂಧನೂರು ಹಳ್ಳ, ಮಸ್ಕಿ ಹಳ್ಳಗಳಿಗೆ ಇಳಿದು, ಮತ್ತೆ ತುಂಗಭದ್ರೆಯನ್ನೇ ಸೇರುತ್ತದೆ.