ಬ್ರೈಟನ್ ನಿಲ್ದಾಣ: ಗುಡ್ಡ ಕಡಿದು ಕಟ್ಟಿದ ಕಡಲೂರಿನ ಹೆಬ್ಬಾಗಿಲು

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಬ್ರೈಟನ್ ಕಡಲಿನಿಂದಲೇ ಹೆಸರಾದ ಊರಾದರೂ, ಅದರ ರೈಲು ನಿಲ್ದಾಣವಿರುವುದು ತೀರದಿಂದ ತುಸು ದೂರದಲ್ಲಿ, ಸೀಮೆಸುಣ್ಣದ ಗುಡ್ಡವನ್ನು ಕಡಿದು ಸಮತಟ್ಟುಗೊಳಿಸಿದ ಎತ್ತರದ ನೆಲದಲ್ಲಿ. 1840ರ ಮೇ ತಿಂಗಳಲ್ಲಿ ಇಲ್ಲಿ ಆರಂಭವಾದ ಮೊದಲ ಸಂಚಾರ ಲಂಡನ್ನಿಗಲ್ಲ, ನೆರೆಯ ಶೋರ್‌ಹ್ಯಾಮ್‌ಗೆ ಎಂಬುದು ಸೋಜಿಗವೇ ಸರಿ. ರಾಜಧಾನಿಯ ಸಂಪರ್ಕ ದೊರೆತದ್ದು ಮರುವರ್ಷದ ಸೆಪ್ಟೆಂಬರಿನಲ್ಲಿ. ಡೇವಿಡ್ ಮೊಕಾಟ ಇಟಲಿಯ ಶೈಲಿಯಲ್ಲಿ ರೂಪಿಸಿದ ಕಟ್ಟಡದ ಹಿಂದೆ, 1880ರ ದಶಕದ ಆರಂಭದಲ್ಲಿ, ಕಬ್ಬಿಣದ ಕಂಬಸಾಲುಗಳ ಮೇಲೆ ಗಾಜಿನ ಮಾಡು ಎದ್ದಿತು. ಹಳಿಗಳು ತಿರುವಿನಲ್ಲಿ ಸಾಗುವುದರಿಂದ ಮಾಡೂ ಅವುಗಳೊಡನೆ ಬಾಗಿದೆ, ನಿಲ್ದಾಣದ ನಿಜವಾದ ಚೆಲುವು ಆ ಬಾಗಿನಲ್ಲೇ ಇದೆ. ಮೊದಲ ಮಹಾಯುದ್ಧದ ಕಾಲದಲ್ಲಿ, 1914ರ ಡಿಸೆಂಬರಿನಿಂದ, ಫ್ರಾನ್ಸಿನ ರಣರಂಗದಲ್ಲಿ ಗಾಯಗೊಂಡ ಭಾರತೀಯ ಸೈನಿಕರು ಇದೇ ಮಾಡಿನಡಿ ಇಳಿದು, ಹಿಂದೆ ಅರಮನೆಯಾಗಿದ್ದು ಆಗ ಆಸ್ಪತ್ರೆಯಾಗಿ ಮಾರ್ಪಟ್ಟಿದ್ದ ರಾಯಲ್ ಪೆವಿಲಿಯನ್‌ಗೆ ಸಾಗಿದರು.