ಒಪ್ಪಿಸಿಕೊಟ್ಟ ಮಕ್ಕಳು: ಕಪ್ಪಡಿಯಿಂದ ಬೈಲಕುಪ್ಪೆಯವರೆಗೆ

ಹೆತ್ತವರು ತಮ್ಮ ಧರ್ಮದಲ್ಲೇ ಮಕ್ಕಳನ್ನು ಬೆಳೆಸುವುದು ಸಾಕುವ ಕರ್ತವ್ಯದ ಭಾಗವೋ, ಇನ್ನೂ ವಿವೇಚನೆ ಮೂಡದ ಮನಸ್ಸಿನ ಮೇಲೆ ಹೇರುವ ಮತಬೋಧೆಯೋ ಎಂಬುದನ್ನು ಇಂದಿನ ವಿಚಾರವಾದಿಗಳ ಪ್ರಶ್ನೆಯೆಂದು ಭಾವಿಸುವುದು ವಾಡಿಕೆ. ಆದರೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಧಾರ್ಮಿಕ ಚರಿತ್ರೆಯನ್ನು ಗಮನಿಸಿದರೆ, ಈ ಪ್ರಶ್ನೆ ಇಲ್ಲಿನ ನೀಲಗಾರರೆಂಬ ಗಾಯಕರ ಹಾಡಿನಲ್ಲೂ, ಆರು ದಶಕಗಳ ಹಿಂದೆ ಇಲ್ಲಿಗೆ ನಿರಾಶ್ರಿತರೊಡನೆ ಬಂದ ಬೌದ್ಧ ಸಂಘದ ನಿಯಮಗ್ರಂಥದಲ್ಲೂ ಬಹಳ ಹಿಂದೆಯೇ ಎದ್ದಿತ್ತೆಂಬುದು ಸ್ಪಷ್ಟವಾಗುತ್ತದೆ.

ಚರ್ಚೆಗೆ ಮೊದಲು ಎರಡು ಬಗೆಯ ಆಚರಣೆಗಳನ್ನು ಬೇರ್ಪಡಿಸಿಕೊಳ್ಳಬೇಕು. ಲಿಂಗಾಯತ ಮನೆಯ ಕೂಸಿಗೆ ಲಿಂಗಧಾರಣೆ, ಬ್ರಾಹ್ಮಣ ವಟುವಿಗೆ ಎಂಟರ ಆಸುಪಾಸಿನಲ್ಲಿ ಉಪನಯನ, ಮುಸ್ಲಿಂ ಮಗುವಿಗೆ ನಾಲ್ಕು ವರ್ಷ ನಾಲ್ಕು ತಿಂಗಳು ನಾಲ್ಕು ದಿನ ತುಂಬಿದಾಗ ಬಿಸ್ಮಿಲ್ಲಾ ಹೇಳಿಸುವುದು, ಕ್ರೈಸ್ತ ಶಿಶುವಿಗೆ ದೀಕ್ಷಾಸ್ನಾನ, ಇವೆಲ್ಲ ಮಗುವನ್ನು ಮನೆಯಲ್ಲೇ ಇರಿಸಿಕೊಂಡು ಮನೆಯ ಧರ್ಮಕ್ಕೆ ಸೇರಿಸಿಕೊಳ್ಳುವ ಸಂಸ್ಕಾರಗಳು. ಹೆಗ್ಗಡದೇವನಕೋಟೆಯ ಹಾಡಿಗಳಲ್ಲಿ, ಅಂದರೆ ಕಾಡಂಚಿನ ಬುಡಕಟ್ಟು ವಸತಿಗಳಲ್ಲಿ, ಜೇನುಕುರುಬರ ಮಗು ದೊಡ್ಡವರ ಹಿಂದೆ ಕಾಡಿಗೆ ಹೋಗಿ ಯಾವ ಮರದ ಬುಡದಲ್ಲಿ ಯಾವ ದೈವವಿದೆಯೆಂದು ತಿಳಿಯುವುದರಲ್ಲಿ ಸಂಸ್ಕಾರವೆಂಬ ಹೆಸರಿನ ವಿಧಿಯೂ ಬೇಕಿಲ್ಲ. ಹಂಪಾಪುರ ಹೋಬಳಿಯ ಯಾವುದೇ ಊರಿನಲ್ಲಿ ಹಬ್ಬದೂಟ ಉಂಡು, ಕೊಂಡ ನೋಡಿ, ಅಜ್ಜಿಯ ಬಾಯಿಂದ ಕಥೆ ಕೇಳಿ ಬೆಳೆದ ಮಗು ಮುಂದೆ ದೇವರನ್ನು ನಂಬಬಹುದು, ಬಿಡಲೂಬಹುದು. ಇದನ್ನು ಮತಬೋಧೆಯೆಂದು ಕರೆದರೆ ಮಾತೃಭಾಷೆ ಕಲಿಸುವುದನ್ನೂ ಬಲವಂತವೆಂದೇ ಕರೆಯಬೇಕಾಗುತ್ತದೆ. ಎರಡನೆಯ ಬಗೆ ಬೇರೆ: ಅಲ್ಲಿ ಮಗುವನ್ನು ಮನೆಯಿಂದ ಬಿಡಿಸಿ ದೇವರಿಗೋ ಗುರುವಿಗೋ ಮಠಕ್ಕೋ ಒಪ್ಪಿಸಲಾಗುತ್ತದೆ. ಚರಿತ್ರೆಯಲ್ಲಿ ತಕರಾರು ಹುಟ್ಟಿರುವುದು ಬಹುಪಾಲು ಇಲ್ಲಿಯೇ.

ಕೃಷ್ಣರಾಜನಗರ ತಾಲ್ಲೂಕಿನಲ್ಲಿ ಕಾವೇರಿಯ ದಡದ ಮೇಲಿರುವ ಕಪ್ಪಡಿ, ಮಂಟೇಸ್ವಾಮಿ ಪರಂಪರೆಯ ಮುಖ್ಯ ಕ್ಷೇತ್ರಗಳಲ್ಲೊಂದು. ಶಿವರಾತ್ರಿಯಿಂದ ಜಾತ್ರೆ ಸೇರುವ ಈ ಸ್ಥಳದಲ್ಲಿ ರಾಚಪ್ಪಾಜಿ ಮತ್ತು ಚನ್ನಾಜಮ್ಮನವರ ಗದ್ದುಗೆಗಳಿವೆ. ಈ ಪರಂಪರೆಯ ಕಾವ್ಯವನ್ನು ತಂಬೂರಿ, ಗಗ್ಗರ, ತಾಳಗಳೊಡನೆ ಇಡೀ ರಾತ್ರಿ ಹಾಡುವ ದೀಕ್ಷಿತ ಗಾಯಕರೇ ನೀಲಗಾರರು. ಅವರಲ್ಲಿ ಹೆಚ್ಚಿನವರು ದಲಿತ ಸಮುದಾಯದವರು. ಮನೆಯಲ್ಲಿ ಕಾಯಿಲೆ ಕಸಾಲೆ ಬಂದಾಗ, ಮಕ್ಕಳು ಉಳಿಯದಿದ್ದಾಗ, ಹುಟ್ಟುವ ಅಥವಾ ಉಳಿಯುವ ಗಂಡುಮಗನನ್ನು ನೀಲಗಾರನಾಗಿ ಬಿಡುವುದಾಗಿ ಹರಕೆ ಹೊರುವ ಪದ್ಧತಿ ಒಕ್ಕಲಿನ ಮನೆಗಳಲ್ಲಿತ್ತು. ಒಕ್ಕಲು ಎಂದರೆ ಆ ದೇವರಿಗೆ ತಲೆಮಾರುಗಳಿಂದ ನಡೆದುಕೊಳ್ಳುವ ಕುಟುಂಬ. ಹರಕೆಯ ಹುಡುಗನಿಗೆ ಕಂಡಾಯವೆಂಬ ಲೋಹದ ಲಾಂಛನದ ಎದುರು ಧೂಳ್ತ, ಅಂದರೆ ಪವಿತ್ರ ಬೂದಿಯನ್ನು ಇಟ್ಟು ದೀಕ್ಷೆ ಕೊಡಲಾಗುತ್ತಿತ್ತು. ಹರಕೆ ಹೊತ್ತವರು ತಾಯಿತಂದೆಯರು, ಅದನ್ನು ಜೀವನಪೂರ್ತಿ ತೀರಿಸಬೇಕಾದವನು ಮಗ.

ವಿಶೇಷವೆಂದರೆ, ನೀಲಗಾರರು ಹಾಡುವ ಕಾವ್ಯವೇ ಈ ಒಪ್ಪಿಸುವಿಕೆಯನ್ನು ಸುಲಭದ ಪುಣ್ಯಕಾರ್ಯವೆಂದು ಚಿತ್ರಿಸುವುದಿಲ್ಲ. ಮಂಟೇಸ್ವಾಮಿ ನಿಡುಘಟ್ಟದ ಪಾಂಚಾಳರ, ಎಂದರೆ ಕಮ್ಮಾರ ಕುಲದವರ ಮನೆಗೆ ಬಂದು ಕಿರಿಯ ಮಗ ಕೆಂಪಾಚಾರಿಯನ್ನು ತನಗೆ ಸಿಸುಮಗನಾಗಿ, ಅಂದರೆ ಶಿಷ್ಯನಾಗಿ, ಕೊಡಬೇಕೆಂದು ಕೇಳಿದಾಗ ಹೆತ್ತವರು ಒಪ್ಪುವುದಿಲ್ಲ. ಮನೆಯ ಮೇಲೆ ಕಷ್ಟಗಳು ಬಂದೆರಗುತ್ತವೆ, ಹುಡುಗನೂ ನರಳುತ್ತಾನೆ, ಕೊನೆಗೆ ಬೇರೆ ದಾರಿ ಕಾಣದೆ ಅವನನ್ನು ಒಪ್ಪಿಸಿಕೊಡುತ್ತಾರೆ. ಆ ಹುಡುಗನೇ ಮುಂದೆ ಹಲಗೂರಿನ ಪಾಂಚಾಳರಲ್ಲಿ ಕಬ್ಬಿಣದ ಭಿಕ್ಷೆ ಬೇಡಿ, ಅವರು ಒಡ್ಡಿದ ಪರೀಕ್ಷೆಗಳನ್ನು ಗೆದ್ದು ಸಿದ್ದಪ್ಪಾಜಿಯೆಂದು ಪೂಜೆಗೊಳ್ಳುತ್ತಾನೆ. ಭಕ್ತಿಯ ಕಣ್ಣಿಗೆ ಇದು ಗುರುವಿನ ಮಹಿಮೆ. ಆದರೂ ತಾಯಿತಂದೆಯರ ನಿರಾಕರಣೆಯನ್ನು ಕಾವ್ಯ ಮುಚ್ಚಿಡದೆ ದೀರ್ಘವಾಗಿ ಹಾಡುತ್ತದೆ, ಅವರನ್ನು ಅಜ್ಞಾನಿಗಳೆಂದು ತಳ್ಳಿಹಾಕುವುದೂ ಇಲ್ಲ. ಬಾಲ್ಯದಲ್ಲಿ ತಾವೇ ದೀಕ್ಷೆಗೆ ಒಪ್ಪಿಸಲ್ಪಟ್ಟ ಗಾಯಕರು ಈ ಭಾಗವನ್ನು ತಲೆಮಾರುಗಳಿಂದ ಹಾಡುತ್ತ ಬಂದಿದ್ದಾರೆಂಬುದನ್ನು ಜಾನಪದ ವಿದ್ವಾಂಸರು ಇನ್ನಷ್ಟು ಗಂಭೀರವಾಗಿ ಪರಿಗಣಿಸಬಹುದಿತ್ತು.

ಮೈಸೂರು ಸಂಸ್ಥಾನದ ಆಡಳಿತ ಈ ವಿಷಯದಲ್ಲಿ ಕೈಹಾಕಿದ್ದು ಹೆಣ್ಣುಮಕ್ಕಳ ಸಂಬಂಧದಲ್ಲಿ. ಬಾಲಕಿಯರನ್ನು ದೇವಾಲಯಕ್ಕೆ ಬಿಡುವ ಗೆಜ್ಜೆಪೂಜೆಯೆಂಬ ವಿಧಿಯನ್ನು ಮುಜರಾಯಿ ದೇವಸ್ಥಾನಗಳಲ್ಲಿ, ಅಂದರೆ ಸರ್ಕಾರದ ಉಸ್ತುವಾರಿಯ ದೇವಸ್ಥಾನಗಳಲ್ಲಿ, 1909ರ ಆದೇಶ ನಿಷೇಧಿಸಿತು. ಇಡೀ ರಾಜ್ಯಕ್ಕೆ ಅನ್ವಯಿಸುವ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ 1982ರಲ್ಲಿ ರೂಪುಗೊಂಡಿತು. ಹೆತ್ತವರ ಹರಕೆ ಮಗುವಿನ ಮುಂದಿನ ಬದುಕನ್ನು ಕಟ್ಟಿಹಾಕಲಾರದೆಂದು ಪ್ರಭುತ್ವ ಇಲ್ಲಿ ನೇರವಾಗಿ ಹೇಳಿತು. ಗಂಡುಮಕ್ಕಳ ದೀಕ್ಷೆಯಲ್ಲಿ ದೈಹಿಕ ಶೋಷಣೆಯ ಪ್ರಶ್ನೆ ಅಷ್ಟು ಕಣ್ಣಿಗೆ ಬೀಳದಿದ್ದುದರಿಂದ ಅದೇ ಮಾತನ್ನು ಅಲ್ಲಿಗೆ ವಿಸ್ತರಿಸಲಿಲ್ಲ.

ಗಂಡುಮಕ್ಕಳನ್ನು ಒಪ್ಪಿಸುವ ಇನ್ನೊಂದು ರೂಢಿ ಈ ಸೀಮೆಗೆ ಹೊರಗಿನಿಂದ ಬಂದಿತು. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಬಳಿಕ ಟಿಬೆಟಿಯನ್ನರಿಗೆ ನೆಲೆ ಕೊಡುವ ಕೇಂದ್ರದ ಕೋರಿಕೆಗೆ ಸ್ಪಂದಿಸಿದ ಮೈಸೂರು ರಾಜ್ಯ, ರಾಜ್ಯದ ನಾಯಕ ಎಸ್. ನಿಜಲಿಂಗಪ್ಪನವರ ಆಸಕ್ತಿಯಿಂದಾಗಿ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3000 ಎಕರೆ ಕಾಡುಭೂಮಿಯನ್ನು ನೀಡಿತು. ಟಿಬೆಟಿನ ಗುರು ಪೆನೊರ್ ರಿನ್‌ಪೋಚೆ 1963ರಲ್ಲಿ ಇಲ್ಲಿ ನಾಮ್ಡ್ರೋಲಿಂಗ್ ಮಠವನ್ನು ಕಟ್ಟತೊಡಗಿದರು. 1419ರಲ್ಲಿ ಲ್ಹಾಸಾ ಬಳಿ ಸ್ಥಾಪನೆಯಾಗಿದ್ದ ಸೆರಾ ಮಠದ ಸುಮಾರು 300 ಭಿಕ್ಷುಗಳು ಬಂಗಾಳದ ಬಕ್ಸಾ ಶಿಬಿರದಿಂದ 1970ರಲ್ಲಿ ಬಂದು ಜೋಳದ ಹೊಲಗಳ ನಡುವೆ ಮತ್ತೆ ಮಠ ಹೂಡಿದರು. ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ 1972ರಲ್ಲಿ ಇನ್ನೊಂದು ಶಿಬಿರ ನೆಲೆಗೊಂಡಿತು. ಮಗನನ್ನು ಏಳೆಂಟು ವರ್ಷಕ್ಕೇ ಮಠಕ್ಕೆ ಕೊಡುವ ಹಳೆಯ ಟಿಬೆಟಿನ ರೂಢಿಯೂ ಅವರೊಡನೆ ಬಂದಿತು. ಅಲ್ಲಿ ಕೆಲವು ಸೀಮೆಗಳಲ್ಲಿ ಅದು ಮನೆಗಳ ಮೇಲೆ ವಿಧಿಸಿದ ತೆರಿಗೆಯಂತೆಯೂ ಇತ್ತು. ಭಿಕ್ಷು ಬಯಸಿದಾಗ ಚೀವರ, ಅಂದರೆ ಭಿಕ್ಷುವಿನ ವಸ್ತ್ರ, ಬಿಡಬಹುದಿತ್ತಾದರೂ ಮನೆಯ ಜಮೀನಿನ ಹಕ್ಕು ಆಗಲೇ ತಪ್ಪಿಹೋಗಿರುತ್ತಿದ್ದುದರಿಂದ ಹೊರಬಂದವನಿಗೆ ಹೊಟ್ಟೆಪಾಡೇ ದೊಡ್ಡ ಚಿಂತೆಯಾಗುತ್ತಿತ್ತು.

ಆದರೆ ಬೌದ್ಧರ ವಿನಯಪಿಟಕ, ಅಂದರೆ ಭಿಕ್ಷುಸಂಘದ ನಿಯಮಗಳ ಸಂಗ್ರಹ, ಮಕ್ಕಳ ದೀಕ್ಷೆಯ ವಿರುದ್ಧದ ದೂರನ್ನು ಸ್ವತಃ ಬುದ್ಧನ ಮನೆಯಿಂದಲೇ ದಾಖಲಿಸುತ್ತದೆ. ಬುದ್ಧನ ಮಗ, ಬಾಲಕ ರಾಹುಲನಿಗೆ ಶಿಷ್ಯ ಸಾರಿಪುತ್ತನ ಕೈಯಿಂದ ದೀಕ್ಷೆಯಾದಾಗ, ಮಗನನ್ನು ಮೊದಲೇ ಕಳೆದುಕೊಂಡಿದ್ದ ಅಜ್ಜ ಶುದ್ಧೋದನ ಬಂದು ಸಂಕಟ ತೋಡಿಕೊಂಡನೆಂದೂ, ತಾಯಿತಂದೆಯರ ಅನುಮತಿಯಿಲ್ಲದೆ ಯಾವ ಮಗನಿಗೂ ದೀಕ್ಷೆ ಕೊಡಬಾರದೆಂಬ ನಿಯಮ ಅದರಿಂದ ಹುಟ್ಟಿತೆಂದೂ ಆ ಪಿಟಕದ ಮಹಾವಗ್ಗ ಹೇಳುತ್ತದೆ. ಹದಿನೈದಕ್ಕಿಂತ ಕಿರಿಯರಿಗೆ ಸಾಮಣೇರ ದೀಕ್ಷೆ, ಅಂದರೆ ಆರಂಭದ ದೀಕ್ಷೆ, ಬೇಡವೆಂಬ ನಿಯಮವೂ ಇದೆ. ಆದರೆ ರೋಗಕ್ಕೆ ತುತ್ತಾದ ಮನೆಯೊಂದರ ಇಬ್ಬರು ಹುಡುಗರು ಬುದ್ಧನ ಶಿಷ್ಯ ಆನಂದನನ್ನು ಆಶ್ರಯಿಸಿದಾಗ, ಕಾಗೆಗಳನ್ನು ಓಡಿಸುವಷ್ಟು ದೊಡ್ಡವರಾಗಿದ್ದರೆ ಸೇರಿಸಿಕೊಳ್ಳಬಹುದೆಂಬ ವಿನಾಯಿತಿ ದೊರೆಯಿತು. ದಿಕ್ಕಿಲ್ಲದ ಮಕ್ಕಳಿಗಾಗಿ ಹುಟ್ಟಿದ ಈ ವಿನಾಯಿತಿಯೇ ಮುಂದೆ ಹಲವು ದೇಶಗಳಲ್ಲಿ ಸಾಮಾನ್ಯ ಪದ್ಧತಿಯಾಯಿತು. ದೇಶವನ್ನೇ ಕಳೆದುಕೊಂಡವರ ಶಿಬಿರದಲ್ಲಿ ಮಠ ಮಕ್ಕಳಿಗೆ ಅನ್ನ, ಭಾಷೆ, ಆಸರೆಗಳನ್ನು ಒಟ್ಟಿಗೆ ಕೊಟ್ಟಿತೆಂಬುದನ್ನು ಮರೆತು ಬೈಲಕುಪ್ಪೆಯ ಬಾಲಭಿಕ್ಷುಗಳ ಬಗ್ಗೆ ತೀರ್ಪು ಕೊಡುವುದು ನ್ಯಾಯವಲ್ಲ.

ಮಠದ ಶಿಕ್ಷಣಕ್ರಮವೂ ಏಕರೂಪದ್ದಲ್ಲ. ಚಿಕ್ಕವರು ಬೆಳಗಿನ ಜಾವವೇ ಕುಳಿತು, ಮೈ ತೂಗುತ್ತ, ಉದ್ದನೆಯ ಹಾಳೆಗಳ ಗ್ರಂಥವನ್ನು ಗಟ್ಟಿಯಾಗಿ ಬಾಯಿಪಾಠ ಮಾಡುತ್ತಾರೆ. ಅರ್ಥ ತಿಳಿಯುವುದು ಆಮೇಲಿನ ಮಾತು. ಇದನ್ನಷ್ಟೇ ನೋಡಿದವರಿಗೆ ಇದು ಅಪ್ಪಟ ಮತಬೋಧೆ. ಅದೇ ಹುಡುಗರು ದೊಡ್ಡವರಾದಾಗ ಸೆರಾದ ವಾದಾಂಗಳಕ್ಕೆ ಬರುತ್ತಾರೆ. ಅಲ್ಲಿ ಉತ್ತರಿಸುವವನು ನೆಲದ ಮೇಲೆ ಕುಳಿತಿರುತ್ತಾನೆ, ಪ್ರಶ್ನಿಸುವವನು ಎದುರು ನಿಂತು ಕಾಲು ಅಪ್ಪಳಿಸಿ, ಅಂಗೈಗೆ ಅಂಗೈ ತಟ್ಟಿ, ಬಾಲ್ಯದಲ್ಲಿ ಉರುಹೊಡೆದ ಸಿದ್ಧಾಂತದಲ್ಲೇ ವಿರೋಧಾಭಾಸ ಎತ್ತಿ ತೋರಿಸಬೇಕು. ಹೀಗೆ ಇಪ್ಪತ್ತು ವರ್ಷದಷ್ಟು ನಡೆಯುವ ವ್ಯಾಸಂಗದ ಕೊನೆಗೆ ಗೆಶೆ ಎಂಬ ಪದವಿ ದೊರೆಯುತ್ತದೆ. ಆದರೂ ಈ ವಾದಕ್ಕೊಂದು ಗಡಿಯಿದೆ: ಸಿದ್ಧಾಂತದ ಒಳಗಿನ ಎಲ್ಲವನ್ನೂ ಪ್ರಶ್ನಿಸಬಹುದು, ತನ್ನನ್ನು ಏಳನೆಯ ವಯಸ್ಸಿಗೆ ಇಲ್ಲಿಗೆ ತಂದುದೇಕೆಂಬುದು ವಾದದ ವಿಷಯವಲ್ಲ.

ಆ ಪ್ರಶ್ನೆಗೆ ನಡೆದು ಉತ್ತರಿಸಿದವರೂ ಇದ್ದಾರೆ. 1985ರಲ್ಲಿ ಸ್ಪೇನಿನಲ್ಲಿ ಹುಟ್ಟಿದ ಒಸೆಲ್ ಹೀಟಾ ಟೊರೆಸ್, ಟಿಬೆಟಿನ ಗುರು ಲಾಮಾ ಯೇಶೆಯವರ ಪುನರ್ಜನ್ಮವೆಂದು ಶಿಶುವಾಗಿದ್ದಾಗಲೇ ಗುರುತಿಸಲ್ಪಟ್ಟು, ಸೆರಾದಲ್ಲಿ ಬೆಳೆದು, ಹದಿನೆಂಟರ ಹೊತ್ತಿಗೆ ಮಠ ಬಿಟ್ಟು ಹೊರನಡೆದು ಮುಂದೆ ಮ್ಯಾಡ್ರಿಡ್‌ನಲ್ಲಿ ಸಿನಿಮಾ ವ್ಯಾಸಂಗ ಮಾಡಿದರು. ಅವರಿಗೆ ಮರಳಿ ಹೋಗಲು ಸ್ಪೇನ್ ಇತ್ತು. ಹಿಮಾಲಯದ ಬಡ ಹಳ್ಳಿಗಳಿಂದ ಬರುವ ಹುಡುಗನಿಗೂ ಬಾಗಿಲು ತೆರೆದೇ ಇರುತ್ತದೆ, ಆದರೆ ಅದರಾಚೆ ಹಾಗೆ ಕಾದಿರುವ ನೆಲೆ ಇರುವುದಿಲ್ಲ.

ಭಾರತದ ಸಂವಿಧಾನದ 28(3)ನೇ ವಿಧಿ, ಸರ್ಕಾರದ ಮಾನ್ಯತೆ ಅಥವಾ ನೆರವು ಪಡೆದ ಶಾಲೆಗಳಲ್ಲಿ ಅಪ್ರಾಪ್ತರಿಗೆ ಧಾರ್ಮಿಕ ಬೋಧನೆ ನೀಡಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಶುದ್ಧೋದನ ಕೇಳಿದ್ದೂ ಇಷ್ಟನ್ನೇ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ, ಭಾರತ 1992ರಲ್ಲಿ ಒಪ್ಪಿಕೊಂಡದ್ದು, ಒಂದು ಹೆಜ್ಜೆ ಮುಂದಿಟ್ಟು ಮನಸ್ಸಾಕ್ಷಿಯ ಸ್ವಾತಂತ್ರ್ಯ ಮಗುವಿಗೂ ಉಂಟೆಂದೂ, ಹೆತ್ತವರ ಮಾರ್ಗದರ್ಶನ ಮಗುವಿನ ಬೆಳೆಯುವ ಸಾಮರ್ಥ್ಯಕ್ಕೆ ತಕ್ಕಂತಿರಬೇಕೆಂದೂ ಹೇಳಿತು. ಆದರೆ ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿ ಮದರಸಾ, ವೇದಪಾಠಶಾಲೆ ಹಾಗೂ ಮುಖ್ಯವಾಗಿ ಧರ್ಮಬೋಧನೆ ನೀಡುವ ಸಂಸ್ಥೆಗಳನ್ನು ಕಾಯ್ದೆಯ ವ್ಯಾಪ್ತಿಯಿಂದ ಹೊರಗಿಟ್ಟಿತು. ಸೆರಾ ಜೇ ಪ್ರೌಢಶಾಲೆಯಂತಹ ಸಂಸ್ಥೆಗಳು ಗಣಿತ, ವಿಜ್ಞಾನ, ಇಂಗ್ಲಿಷ್‌ಗಳನ್ನು ತಾವಾಗಿಯೇ ಕಲಿಸುತ್ತಿರುವುದು ಮೆಚ್ಚತಕ್ಕದ್ದೇ, ಆದರೆ ಮಗುವಿನ ಹಕ್ಕು ಮಠದ ಔದಾರ್ಯವನ್ನು ನೆಚ್ಚಿಕೊಂಡಿರಬಾರದು. ದೀಕ್ಷೆ ಯಾವ ಧರ್ಮದ್ದೇ ಆಗಿರಲಿ, ಅದನ್ನು ಬಿಟ್ಟು ಹೊರಬಂದರೂ ದುಡಿದು ಬದುಕಬಲ್ಲಷ್ಟು ಲೌಕಿಕ ವಿದ್ಯೆಯನ್ನು ಹದಿನಾಲ್ಕು ವರ್ಷದವರೆಗೆ ಕಡ್ಡಾಯ ಮಾಡುವಂತೆ ಶಿಕ್ಷಣ ಹಕ್ಕು ಕಾಯ್ದೆಯ ಆ ವಿನಾಯಿತಿಯನ್ನು ತಿದ್ದುವುದು ಅಗತ್ಯ.